ವರಮಾನದ ಲೆಕ್ಕವನ್ನು ನಾವು ಮುಂದಕ್ಕೆ ಹಾಕುವದು ಯಾಕೆ?

ಜುಲೈ ತಿಂಗಳು ನಮ್ಮ ಸೀಮೆಯಲ್ಲಿ ನೇಜಿ ನೆಡುವ ಕಾಲವಾಗಿದೆ. ಮಳೆ ಬಿದ್ದು ಗದ್ದೆ ಹದವಾಗಿರುವಾಗ "ನಾಟಿಯನ್ನು ಬರುವ ತಿಂಗಳು ನೋಡೋಣ" ಎಂದು ಹೇಳುವ ಬೇಸಾಯಗಾರನು ನಮ್ಮ ಊರುಗಳಲ್ಲಿ ಒಬ್ಬನಾದರೂ ಇಲ್ಲ. ಹೊತ್ತು ಮೀರಿದ ನೇಜಿಯು ಸರಿಯಾಗಿ ತೆನೆ ಕಟ್ಟುವದಿಲ್ಲವೆಂದು ಚಿಕ್ಕ ಮಕ್ಕಳೂ ಬಲ್ಲರು. ಆದರೆ ಅದೇ ತಿಂಗಳಲ್ಲಿ, ಅದೇ ಮನೆಯಲ್ಲಿ, ಇನ್ನೊಂದು ಕೆಲಸವು ಕಾದಿರುತ್ತದೆ. ಕಳೆದ ವರುಷ ನಮಗೆ ಬಂದ ಸಂಬಳ, ಪಿಂಚಣಿ, ಬಾಡಿಗೆ, ಠೇವಣಿಯ ಬಡ್ಡಿ ಇವುಗಳ ಲೆಕ್ಕವನ್ನು ಬರೆದು ಸರಕಾರಕ್ಕೆ ಒಪ್ಪಿಸುವ ಕೆಲಸವೇ ಅದು. ಇದಕ್ಕೆ ವರಮಾನ ತೆರಿಗೆಯ ರಿಟರ್ನು ಎಂದು ಹೆಸರು. ಸಾಮಾನ್ಯ ಸಂಬಳಗಾರನಿಗೂ ಪಿಂಚಣಿದಾರನಿಗೂ ಇದು ಒಂದು ಸಾಯಂಕಾಲದ ಕೆಲಸಕ್ಕಿಂತ ಹೆಚ್ಚಲ್ಲ. ಆದರೂ ಹತ್ತು ಎಕರೆ ಗದ್ದೆಯನ್ನು ಹೊತ್ತಿಗೆ ಸರಿಯಾಗಿ ನೆಟ್ಟು ಮುಗಿಸುವ ಮನುಷ್ಯನು ಈ ಕಾಗದದ ಎದುರಿನಲ್ಲಿ ಮಾತ್ರ "ನಾಳೆ ನೋಡೋಣ" ಎನ್ನುತ್ತಾನೆ. ಇದು ಯಾಕೆಂದು ಈ ತಿಂಗಳು ಸ್ವಲ್ಪ ವಿಚಾರಿಸೋಣ.

ಈ ಅಭ್ಯಾಸವು ಹಳ್ಳಿಯವರದು ಮಾತ್ರವೆಂದು ಯಾರೂ ತಿಳಿಯಬಾರದು. 2024ರಲ್ಲಿ ಜುಲೈ 31ರ ತನಕ ನಮ್ಮ ದೇಶದಲ್ಲಿ 7 ಕೋಟಿ 28 ಲಕ್ಷಕ್ಕೂ ಹೆಚ್ಚು ರಿಟರ್ನುಗಳು ಸಲ್ಲಿಸಲ್ಪಟ್ಟವೆಂದು ಸರಕಾರವು ಪ್ರಕಟಿಸಿತು. ಅವುಗಳಲ್ಲಿ 69 ಲಕ್ಷ 92 ಸಾವಿರಕ್ಕೂ ಹೆಚ್ಚು ಆ ಕಡೇ ದಿನ ಒಂದರಲ್ಲಿಯೇ ಬಂದವು. ಅಂದರೆ ಹತ್ತರಲ್ಲಿ ಹೆಚ್ಚುಕಡಿಮೆ ಒಂದು ಪಾಲು. ಆ ದಿನ ಸಾಯಂಕಾಲ 7 ಗಂಟೆಯಿಂದ 8 ಗಂಟೆಯೊಳಗೆ 5 ಲಕ್ಷಕ್ಕೂ ಹೆಚ್ಚು ಜನರು ತಮ್ಮ ಲೆಕ್ಕವನ್ನು ಒಪ್ಪಿಸಿದರು. ಇವರಲ್ಲಿ ಓದಿದವರು, ಪಟ್ಟಣದವರು, ಇತರರಿಗೆ ಬುದ್ಧಿ ಹೇಳುವವರು ಎಲ್ಲರೂ ಇದ್ದಿರಬೇಕು.

ಇದಕ್ಕೆ ಸುಲಭವಾಗಿ ಕೊಡುವ ಉತ್ತರವೇನಂದರೆ, ಮನುಷ್ಯನು ಹಣದಾಸೆಯುಳ್ಳವನು, ಕೊಡಬೇಕಾದದ್ದನ್ನು ಆದಷ್ಟು ತಡಮಾಡಿ ಕೊಡುತ್ತಾನೆ ಎಂಬದೇ. ಈ ಉತ್ತರವು ಸಾಲದೆಂದು ನಾವು ಕಣ್ಣಾರೆ ಕಂಡು ತಿಳಿದಿದ್ದೇವೆ.

ನಮ್ಮ ನೆರೆಯಲ್ಲಿ ನಿವೃತ್ತರಾದ ಒಬ್ಬ ಮಾಸ್ತರರು ಇದ್ದಾರೆ. ಅವರ ಠೇವಣಿಯ ಬಡ್ಡಿಯಲ್ಲಿ ಬೇಂಕಿನವರು ತೆರಿಗೆಯೆಂದು ಐದು ಸಾವಿರದ ಚಿಲ್ಲರೆ ರೂಪಾಯಿಗಳನ್ನು ಮುರಿದುಕೊಂಡಿದ್ದರು. ಪಿಂಚಣಿಯನ್ನೂ ಬಡ್ಡಿಯನ್ನೂ ಕೂಡಿಸಿದರೂ ಅವರು ಕೊಡಬೇಕಾದ ತೆರಿಗೆ ಏನೂ ಇರಲಿಲ್ಲ. ರಿಟರ್ನನ್ನು ಸಲ್ಲಿಸಿದ್ದರೆ ಆ ಹಣವೆಲ್ಲಾ ಅವರ ಖಾತೆಗೆ ಹಿಂದಿರುಗಿ ಬರುತ್ತಿತ್ತು. ಕೊಡುವದಕ್ಕಲ್ಲ, ತಕ್ಕೊಳ್ಳುವದಕ್ಕೇ ಅವರು ಬರೆಯಬೇಕಾಗಿತ್ತು. ಆದರೂ ಅವರು ಜುಲೈಯನ್ನು ದಾಟಿಸಿದರು. ದೀಪಾವಳಿಯನ್ನು ದಾಟಿಸಿದರು. ತಡವಾಗಿ ಸಲ್ಲಿಸುವವರಿಗೆ ಇಟ್ಟಿರುವ ಕಡೇ ದಿನವಾದ ಡಿಸೆಂಬರ್ 31ನ್ನೂ ದಾಟಿಸಿದರು. ಹಾಗಾದರೆ ತಡಮಾಡಿಸಿದ್ದು ಹಣದಾಸೆ ಎಂದು ಹೇಗೆ ಹೇಳೋಣ?

ಅಜ್ಞಾನವೇ ಕಾರಣವೆಂದು ಇನ್ನು ಕೆಲವರು ಹೇಳುವರು. ಪೂರ್ವದಲ್ಲಿ ಗ್ರೀಕ್ ದೇಶದ ಜ್ಞಾನಿಯಾದ ಸಾಕ್ರೆಟಿಸನು, ಒಳ್ಳೆಯದನ್ನು ನಿಜವಾಗಿ ತಿಳಿದವನು ಅದನ್ನು ಬಿಟ್ಟು ಬೇರೆ ಮಾಡಲಾರನು, ತಪ್ಪೆಲ್ಲವೂ ತಿಳಿವಳಿಕೆಯ ಕೊರತೆಯಿಂದಲೇ ಆಗುವದು ಎಂದು ವಾದಿಸಿದನು. ಅವನ ಶಿಷ್ಯನ ಶಿಷ್ಯನಾದ ಅರಿಸ್ಟಾಟಲನು ಇದನ್ನು ಹಾಗೆಯೇ ಒಪ್ಪಲಿಲ್ಲ. ತಿಳಿದೂ ಮಾಡದಿರುವ ಸ್ಥಿತಿಯೊಂದು ಮನುಷ್ಯನಲ್ಲಿ ಉಂಟು, ಅದನ್ನು ಬೇರೆಯಾಗಿಯೇ ವಿಚಾರಿಸಬೇಕು ಎಂಬದು ಅವನ ಅಭಿಪ್ರಾಯ. ನಮ್ಮ ಮಾಸ್ತರರನ್ನು ನೋಡಿದರೆ ಅರಿಸ್ಟಾಟಲನ ಮಾತೇ ಸರಿಯೆಂದು ತೋರುತ್ತದೆ. ಮೂವತ್ತು ವರುಷ ಗಣಿತವನ್ನು ಕಲಿಸಿದ ಅವರಿಗೆ ಕೂಡಿಸುವದೂ ಕಳೆಯುವದೂ ತಿಳಿಯದ್ದಲ್ಲ. ತಾರೀಖು ಮರೆತದ್ದೂ ಅಲ್ಲ. ಬೇಂಕಿನ ಕಾಗದವನ್ನು ಅವರು ಪಂಚಾಂಗದ ಹಿಂದೆ ಸಿಕ್ಕಿಸಿಟ್ಟು ದಿನಾಲೂ ನೋಡುತ್ತಿದ್ದರು.

ನಿಜವಾದ ಕಾರಣವು ನಮಗೆ ಬಹಳ ತಡವಾಗಿ ತಿಳಿಯಿತು. ಅವರ ಮಗಳು ಕೆಲವು ವರುಷಗಳ ಹಿಂದೆ ಮನೆಯವರ ಇಷ್ಟಕ್ಕೆ ವಿರೋಧವಾಗಿ ಮದುವೆಯಾಗಿ ಹೋದಳು. ಅಂದಿನಿಂದ ಅಣ್ಣನಿಗೂ ತಂಗಿಗೂ ಮಾತಿಲ್ಲ. ಮಾಸ್ತರರು ಮಾತ್ರ ಯಾರಿಗೂ ತಿಳಿಸದೆ ಅವಳಿಗೋಸ್ಕರ ಒಂದು ಠೇವಣಿಯನ್ನು ಕೂಡಿಸಿಟ್ಟಿದ್ದರು. ಮೊಬೈಲಿನಲ್ಲಿ ಫಾರಮು ತುಂಬಿಸುವದು ಮನೆಯಲ್ಲಿ ಬರುವದು ಮಗನಿಗೆ ಮಾತ್ರ. ಅವನ ಕೈಗೆ ಕಾಗದವನ್ನು ಕೊಟ್ಟರೆ ಠೇವಣಿಯ ಸಂಗತಿ ಹೊರಗೆ ಬರುವದು. ಆ ಮುದುಕರು ಹೆದರಿದ್ದು ಸರಕಾರಕ್ಕಲ್ಲ, ಊಟದ ಹೊತ್ತಿನಲ್ಲಿ ಎದುರಿಗೆ ಕೂತುಕೊಳ್ಳುವ ಸ್ವಂತ ಮಗನಿಗೆ.

ಇಲ್ಲಿ ನಾವೂ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಆ ವರುಷ ಆಗಸ್ಟಿನಲ್ಲಿ ಅವರು ನಮ್ಮ ಮನೆಗೆ ಬಂದು, "ನೀವೇ ಒಂದು ದಿನ ಕೂತು ಬರೆದುಕೊಡಿ, ಮಾರಾಯರೇ" ಎಂದು ಕೇಳಿದರು. ನಾವು "ಅದಕ್ಕೇನು, ಬರುವ ವಾರ ನೋಡೋಣ" ಎಂದೆವು. ಆ ವಾರ ಬರಲಿಲ್ಲ. ಮಗನಿಲ್ಲವೋ, ನಮ್ಮನ್ನು ಯಾಕೆ ಕೇಳುತ್ತಾರೆ ಎಂದು ಒಂದು ಕ್ಷಣವಾದರೂ ನಾವು ಯೋಚಿಸಲಿಲ್ಲ. ಎರಡನೆಯ ಸಾರಿ ಕೇಳಲಿಕ್ಕೆ ಅವರು ನಾಚಿದರು. ಕಾಲ ಮೀರಿದ ಮೇಲೆ ಮೇಲಧಿಕಾರಿಗೆ ಅರಿಕೆ ಮಾಡಿಕೊಳ್ಳುವ ದಾರಿ ಒಂದುಂಟಾದರೂ, "ಇನ್ನು ಸಾಕು" ಎಂದು ಅವರು ಬಿಟ್ಟುಬಿಟ್ಟರು. ಹೀಗೆ ಅವರ ಹಣವನ್ನು ಕಳೆದದ್ದು ಅವರ "ನಾಳೆ" ಮಾತ್ರವಲ್ಲ, ನಮ್ಮ "ಬರುವ ವಾರ"ವೂ ಹೌದು.

ಈ ಒಂದು ಸಂಗತಿಯಿಂದ ನಾವು ಕಲಿತದ್ದೇನಂದರೆ, ಮನುಷ್ಯನು ಮುಂದಕ್ಕೆ ಹಾಕುವದು ತೆರಿಗೆಯನ್ನಲ್ಲ, ತನ್ನನ್ನು ತಾನೇ ನೋಡಿಕೊಳ್ಳುವದನ್ನು. ಹಿಂದಿನ ಕಾಲದಲ್ಲಿ ಭೂಮಿಯ ತೀರ್ವೆಗೆ ಶಾನುಭೋಗನು ಲೆಕ್ಕ ಬರೆದನು, ಪಟೇಲನು ವಸೂಲು ಮಾಡಿದನು. ಭೂಮಿಯು ಎಲ್ಲರ ಕಣ್ಣಿಗೆ ಕಾಣುವಂಥದು. ಒಕ್ಕಲಿನವನು ತನ್ನ ಬಾಯಿಂದ ಏನೂ ಹೇಳಬೇಕಾಗಿರಲಿಲ್ಲ. ಆದರೆ 1860ರಲ್ಲಿ ಜೇಮ್ಸ್ ವಿಲ್ಸನ್ ಎಂಬ ಹಣಕಾಸಿನ ಅಧಿಕಾರಿಯು ಈ ದೇಶಕ್ಕೆ ತಂದ ವರಮಾನ ತೆರಿಗೆಯ ಜಾತಿಯೇ ಬೇರೆ. ಅದು ಮನುಷ್ಯನನ್ನೇ "ನೀನು ಎಷ್ಟು ಗಳಿಸಿದಿ, ಹೇಳು" ಎಂದು ಕೇಳುತ್ತದೆ. ಈಗ ನಮ್ಮ ಸಂಬಳವೂ ಬಡ್ಡಿಯೂ ಹೆಚ್ಚಾಗಿ ಇಲಾಖೆಗೆ ಮೊದಲೇ ತಿಳಿದಿರುತ್ತವೆ. ಫಾರಮಿನ ಅನೇಕ ಮನೆಗಳು ತುಂಬಿಯೇ ಬರುತ್ತವೆ. ಆದರೂ ಕೊನೆಯಲ್ಲಿ "ಇದು ಸತ್ಯ" ಎಂದು ನಾವೇ ದೃಢಪಡಿಸಬೇಕು. ಆ ಒಂದು ಮಾತನ್ನು ಬೇರೆ ಯಾರೂ ನಮಗೋಸ್ಕರ ಹೇಳಲಾರರು. ವರುಷವಿಡೀ ಏನು ಬಂತು, ಏನು ಹೋಯಿತು, ಸಾಲವೆಷ್ಟು, ಉಳಿತಾಯವೆಷ್ಟು, ಯಾರಿಗೆ ಹೇಳದೆ ಏನು ಮಾಡಿದೆವು ಎಂಬದೆಲ್ಲಾ ಆ ಸಾಯಂಕಾಲ ಮೇಜಿನ ಮೇಲೆ ಬರುವದು. ಅದಕ್ಕೇ ನಾವು ಹಿಂಜರಿಯುತ್ತೇವೆ.

1990ರ ದಶಕದಲ್ಲಿ ಬೆಂಗಳೂರಿನಲ್ಲಿಯೂ ನಮ್ಮ ರಾಜ್ಯದ ಅನೇಕ ಹಳ್ಳಿಗಳಲ್ಲಿಯೂ ಜನರು ಮನೆಯ ಬಾಗಲಿನ ಮೇಲೆ "ನಾಳೆ ಬಾ" ಎಂದು ಬರೆದದ್ದನ್ನು ಹಿರಿಯರು ಮರೆತಿಲ್ಲ. ರಾತ್ರಿ ಬರುವ ದೆವ್ವವು ಅದನ್ನು ಓದಿ ಹಿಂದಿರುಗುವದು, ಮಾರನೆಯ ರಾತ್ರಿ ಬಂದು ಪುನಃ ಓದಿ ಹಿಂದಿರುಗುವದು ಎಂಬದು ಅವರ ನಂಬಿಕೆ. ನಾವು ಆ ನಂಬಿಕೆಯನ್ನು ಕೇಳಿ ನಕ್ಕವರು. ಆದರೆ ಬೇಂಕಿನ ಕಾಗದದ ಮೇಲೆ, ಇಲಾಖೆಯ ಪತ್ರದ ಮೇಲೆ, ಮನಸ್ಸಾಕ್ಷಿಯ ಬಾಗಲಿನ ಮೇಲೆ ನಾವು ಬರೆಯುವದು ಅದೇ ಎರಡು ಮಾತುಗಳನ್ನಲ್ಲವೋ? ಹಾಗೆ ಬರೆದವನು ದಿನಾಲೂ ರಾತ್ರಿ ಕದ ತಟ್ಟುವ ಶಬ್ದಕ್ಕೆ ಕಿವಿಗೊಟ್ಟೇ ಮಲಗಬೇಕು. ಒಂದು ಸಾಯಂಕಾಲದ ಕೆಲಸವನ್ನು ಬಿಟ್ಟವನು ಅದರ ಬದಲಿಗೆ ನೂರು ರಾತ್ರಿಗಳ ಭಾರವನ್ನು ಹೊರುತ್ತಾನೆ.

ದೋಷವೆಲ್ಲಾ ಜನರದೇ ಎಂದು ಹೇಳುವದು ನ್ಯಾಯವಲ್ಲ. ತೆರಿಗೆಯು ಕೊಡುವವನಿಗೆ ಸ್ಪಷ್ಟವಾಗಿಯೂ ಅನುಕೂಲವಾಗಿಯೂ ಇರಬೇಕೆಂದು ಆಡಮ್ ಸ್ಮಿತ್ ಎಂಬ ಪಂಡಿತನು 1776ರಲ್ಲಿಯೇ ಬರೆದನು. ಫಾರಮಿನ ಮಾತು ನಮ್ಮ ಮನೆಯ ಮಾತಲ್ಲ. ತಾರೀಖನ್ನು ಸರಕಾರವೂ ಕೆಲವು ಸಾರಿ ಮುಂದಕ್ಕೆ ಹಾಕುತ್ತದೆ. 2025ರಲ್ಲಿ ಜುಲೈ 31 ಎಂದಿದ್ದದ್ದು ಸಪ್ಟೆಂಬರ್ 15 ಆಯಿತು. ಕಡೇ ಗಳಿಗೆಯಲ್ಲಿ ಇನ್ನೊಂದು ದಿನ ಕೂಡಿಸಲ್ಪಟ್ಟಿತು. ಒಮ್ಮೆ ಹೀಗಾದದ್ದನ್ನು ಕಂಡವನು ಪ್ರತಿ ವರುಷವೂ ಹಾಗೆಯೇ ಆದೀತೆಂದು ಕಾದುಕೊಂಡಿರುತ್ತಾನೆ. "ದೊಡ್ಡವರು ಕೋಟಿಗಟ್ಟಲೆ ನುಂಗುವಾಗ ನನ್ನ ಸಣ್ಣ ಲೆಕ್ಕಕ್ಕೆ ಏನು ಅವಸರ?" ಎಂದು ಕೇಳುವವರೂ ಉಂಟು. ಅವರಿಗೆ ನಾವು ಹೇಳುವದಿಷ್ಟೇ: ನೆರೆಯವನು ತನ್ನ ಗದ್ದೆಯನ್ನು ಹಡಿಲು ಬಿಟ್ಟನೆಂದು ಯಾರಾದರೂ ತನ್ನ ನೇಜಿಯನ್ನು ಒಣಗಲು ಬಿಡುವರೋ?

ಕೆಲವು ತಪ್ಪು ತಿಳಿವಳಿಕೆಗಳನ್ನೂ ಇಲ್ಲಿ ನಿವಾರಿಸಬೇಕು. ಬೇಸಾಯದ ವರಮಾನಕ್ಕೆ ಕೇಂದ್ರ ಸರಕಾರದ ತೆರಿಗೆ ಇಲ್ಲವೆಂಬದು ನಿಜ. ಆದರೆ ಅದೇ ಬೇಸಾಯಗಾರನ ಪಿಂಚಣಿ, ಬಾಡಿಗೆ, ಬಡ್ಡಿಗಳಿಗೆ ಆ ವಿನಾಯಿತಿ ಸಲ್ಲದು. 2025ರ ಏಪ್ರಿಲ್ 1ರಿಂದ ಆರಂಭವಾದ ವರುಷಕ್ಕೆ ಹೊಸ ಪದ್ಧತಿಯಲ್ಲಿ 12 ಲಕ್ಷ ರೂಪಾಯಿಯ ತನಕ ಸಾಮಾನ್ಯ ವರಮಾನಕ್ಕೆ ತೆರಿಗೆ ಬೀಳದು. ಆದರೂ 4 ಲಕ್ಷವನ್ನು ದಾಟಿದವನು ರಿಟರ್ನು ಸಲ್ಲಿಸಬೇಕು. ತೆರಿಗೆ ಇಲ್ಲದಿರುವದು ಬೇರೆ, ಲೆಕ್ಕ ಒಪ್ಪಿಸುವದು ಬೇರೆ. ಸಲ್ಲಿಸಬೇಕಾದವನು ತಡಮಾಡಿದರೆ ವರಮಾನವು 5 ಲಕ್ಷದೊಳಗಿದ್ದಲ್ಲಿ 1,000 ರೂಪಾಯಿ, ಅದಕ್ಕೆ ಮೀರಿದಲ್ಲಿ 5,000 ರೂಪಾಯಿ ಕಟ್ಟಬೇಕು. ಬಾಕಿ ತೆರಿಗೆಗೆ ತಿಂಗಳಿಗೆ ಶೇಕಡಾ 1ರಂತೆ ಬಡ್ಡಿ ಬೇರೆ. ಅದಕ್ಕೂ ಮೀರಿ ತಡಮಾಡಿದವನು ನಾಲ್ಕು ವರುಷಗಳ ತನಕ ತಿದ್ದಿಕೊಳ್ಳಬಹುದು. ಆದರೆ ಬಾಕಿಯ ಮೇಲೆ ಕಟ್ಟಬೇಕಾದ ಹೆಚ್ಚಿನ ಹಣವು ಮೊದಲನೆಯ ವರುಷ ಶೇಕಡಾ 25, ಎರಡನೆಯದರಲ್ಲಿ 50, ಮೂರನೆಯದರಲ್ಲಿ 60, ನಾಲ್ಕನೆಯದರಲ್ಲಿ 70 ಆಗುವದು. ಹೆಚ್ಚಾಗಿ ಕೊಟ್ಟ ಹಣವನ್ನು ಹಿಂದಕ್ಕೆ ಕೇಳುವವನಿಗೆ ಆ ದಾರಿಯೂ ತೆರೆದಿಲ್ಲ.

ಆದರೆ ಹಣದ ನಷ್ಟಕ್ಕಿಂತ ದೊಡ್ಡದೊಂದು ನಷ್ಟವುಂಟು. ತಡಮಾಡುವವನು ಕಳ್ಳನಲ್ಲ, ಅವನನ್ನು ಕಳ್ಳನೆಂದು ಕರೆಯುವದು ಪಾಪ. ಆದರೂ "ನಾಳೆ ಮಾಡುತ್ತೇನೆ" ಎಂದು ತನಗೆ ತಾನೇ ಕೊಟ್ಟ ಮಾತನ್ನು ಮುರಿಯುತ್ತಾ ಹೋಗುವವನಿಗೆ ಕ್ರಮೇಣ ತನ್ನ ಮಾತಿನಲ್ಲಿ ತನಗೇ ನಂಬಿಕೆ ಹೋಗುತ್ತದೆ. ತನ್ನ ಮಾತನ್ನು ತಾನು ನಂಬದವನು ಇತರರಿಗೆ ಕೊಟ್ಟ ಮಾತನ್ನು ಎಷ್ಟು ದಿನ ಕಾಪಾಡ್ಯಾನು? ಇಂದು ನಾವು ಮಾಡಲಾರದ್ದನ್ನು ಮಾಡಲಿಕ್ಕೆ ನಾಳೆ ನಮಗಿಂತ ಧೈರ್ಯವಂತನಾದ ಬೇರೊಬ್ಬನು ನಮ್ಮ ಹಾಸಿಗೆಯಿಂದ ಏಳುವನೆಂದು ನೆನಸುತ್ತೇವೆ. ಏಳುವವನು ನಾವೇ. ಅದೇ ಭಯ ಅವನಿಗೂ ಉಂಟು, ಒಂದು ದಿನ ಮಾತ್ರ ಕಡಿಮೆ.

ಆದದರಿಂದ, ಪ್ರಿಯರೇ, ಈ ವರುಷ ಹೀಗೆ ಮಾಡೋಣ. ಮೊದಲನೆಯ ದಿನ ಬರೆಯುವದೇ ಬೇಡ. ಬೇಂಕಿನ ಪುಸ್ತಕ, ಪಿಂಚಣಿಯ ಕಾಗದ, ಪ್ಯಾನ್ ಕಾರ್ಡು ಇವುಗಳನ್ನು ಒಂದು ಚೀಲದಲ್ಲಿ ಕೂಡಿಸಿಡೋಣ. ಎರಡನೆಯ ದಿನ, ನಾವು ಹೇಳಲು ಹೆದರುವ ಆ ಒಂದು ಸಂಗತಿಯನ್ನು ಅದನ್ನು ತಿಳಿಯತಕ್ಕವರಿಗೆ ಹೇಳಿಬಿಡೋಣ. ಅದಾದ ಮೇಲೆ ಉಳಿಯುವದು ಬರೀ ಕೂಡುವ ಕಳೆಯುವ ಲೆಕ್ಕ. ದೇಶದ ರಿಟರ್ನುಗಳನ್ನು ಪರಿಶೀಲಿಸುವ ಕೇಂದ್ರವು ನಮ್ಮ ಬೆಂಗಳೂರಿನಲ್ಲಿಯೇ ಉಂಟು. ಅಲ್ಲಿ ಯಂತ್ರವು ಅಂಕಿಗಳನ್ನು ತಾಳೆ ನೋಡುತ್ತದೆ, ನಮ್ಮನ್ನು ಗದರಿಸುವದಿಲ್ಲ. ಸಲ್ಲಿಸಿದ ಮೇಲೆ 30 ದಿನಗಳೊಳಗೆ ಅದನ್ನು ದೃಢಪಡಿಸುವದನ್ನು ಮಾತ್ರ ಮರೆಯಬಾರದು.

ಮತ್ತು ಈ ಕೆಲಸವನ್ನು ಬಲ್ಲ ಯೌವನಸ್ಥರೇ, ನಿಮಗೂ ಒಂದು ಮಾತು. ಹಿರಿಯರು ಕಾಗದವನ್ನು ಹಿಡಿದು ಬಾಗಲಿಗೆ ಬಂದಾಗ "ಬರುವ ವಾರ" ಎನ್ನಬೇಡಿರಿ. ಅಲ್ಲಿ ಕಂಡದ್ದನ್ನು ಹೊರಗೆ ಆಡಲೂ ಬೇಡಿರಿ. ಅವರು ಎಷ್ಟು ದಿನ ಧೈರ್ಯವನ್ನು ಕೂಡಿಸಿಕೊಂಡು ಆ ಮೆಟ್ಟಲನ್ನು ಹತ್ತಿದ್ದಾರೋ ನಿಮಗೆ ತಿಳಿಯದು.

ನಮ್ಮ ಮಾಸ್ತರರು ಮರುವರುಷ ಜೂನಿನಲ್ಲಿಯೇ ಮಗನನ್ನು ಕರೆದು ಕಾಗದವನ್ನು ಅವನ ಮುಂದೆ ಇಟ್ಟರು. ಅವನು ಠೇವಣಿಯ ಸಾಲನ್ನು ಓದಿ ಬಹಳ ಹೊತ್ತು ಸುಮ್ಮಗಿದ್ದನು. ಆಮೇಲೆ, "ಅಪ್ಪಾ, ಇದನ್ನು ಇಷ್ಟು ದಿನ ಒಬ್ಬರೇ ಯಾಕೆ ಹೊತ್ತುಕೊಂಡಿದ್ದಿರಿ?" ಎಂದು ಮಾತ್ರ ಕೇಳಿದನು. ಆ ಸಾಯಂಕಾಲ ರಿಟರ್ನು ಅರ್ಧ ಗಂಟೆಯಲ್ಲಿ ಮುಗಿಯಿತು.