ಸಾಕ್ಷಿಯೂ ಗೋಡೆಯೂ

ಬುದ್ಧಿ ಕದಡಿದ ಮನುಷ್ಯನಲ್ಲಿ ಕದಡದೆ ಉಳಿಯುವುದು ಏನಾದರೂ ಇದೆಯೆ? 1845ರಲ್ಲಿ ಧಾರವಾಡದಲ್ಲಿ ಸ್ಥಾಪಿತವಾಗಿ, ಕಾಲಕಾಲಕ್ಕೆ ಬೇರೆಬೇರೆ ಹೆಸರುಗಳನ್ನು ಧರಿಸಿ, ಇಂದು ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನಗಳ ಸಂಸ್ಥೆಯೆನಿಸಿರುವಂಥ ಹಳೆಯ ಆಸ್ಪತ್ರೆಯನ್ನು ನವೀಕರಿಸಹೊರಟವರು, ನಕ್ಷೆಯನ್ನು ಬಿಡಿಸುವ ಮೊದಲೇ ಈ ಪ್ರಶ್ನೆಗೆ ಉತ್ತರ ಹೇಳಿಕೊಳ್ಳಬೇಕಾಗುತ್ತದೆ. ಏನೂ ಉಳಿಯುವುದಿಲ್ಲವೆಂದು ನಂಬಿದವನು ಕಟ್ಟುವ ಮನೆಗೆ ಕಾವಲೊಂದಿದ್ದರೆ ಸಾಕು. ಉಳಿಯುವುದುಂಟೆಂದು ನಂಬಿದವನು ಕಿಟಕಿಯ ಎತ್ತರದಲ್ಲಿಯೂ, ಬಾಗಿಲಿನ ಯಾವ ಮಗ್ಗುಲಿಗೆ ಅಗುಳಿಯಿರಬೇಕೆಂಬಲ್ಲಿಯೂ ಆ ನಂಬಿಕೆಯನ್ನು ಕಾಣಿಸಲೇಬೇಕು.

ಸೇಡಂ, ಚಿತ್ತಾಪುರ, ಚಿಂಚೋಳಿಗಳ ಕಡೆಯ ನಮಗೆ ಧಾರವಾಡವು ಬಹುಕಾಲ ಪರಪ್ರಾಂತ್ಯವಾಗಿತ್ತು. ಅದು ಮುಂಬಯಿ ಇಲಾಖೆಗೆ ಸೇರಿದ್ದು. ನಾವು ನಿಜಾಮರ ಪ್ರಜೆಗಳು. ನಮ್ಮ ಸಂಸ್ಥಾನದ ಹುಚ್ಚಾಸ್ಪತ್ರೆ ದೂರದ ಜಾಲ್ನಾದಲ್ಲಿದ್ದು, 1953ರಲ್ಲಿ ಹೈದರಾಬಾದಿನ ಎರ್ರಗಡ್ಡಕ್ಕೆ ಬಂದಿತು. 1956ರಲ್ಲಿ ರಾಜ್ಯಗಳು ಪುನರ್ರಚಿತವಾಗಿ ಧಾರವಾಡ ನಮ್ಮದಾಯಿತಾದರೂ, ಮನೆಯಲ್ಲೊಬ್ಬರ ಚಿತ್ತ ಕೆಟ್ಟಾಗ ಸಂಸಾರವು ಮೊದಲು ಹಿಡಿಯುವ ದಾರಿ ಇಂದಿಗೂ ಅನೇಕ ವೇಳೆ ಗಾಣಗಾಪುರದ ದತ್ತಸನ್ನಿಧಿಯದೇ. ಆ ದಾರಿಯನ್ನು ಮೌಢ್ಯವೆಂದು ಒಂದೇ ಮಾತಿನಲ್ಲಿ ತಳ್ಳಿಬಿಡಲು ನನ್ನ ಮನಸ್ಸು ಒಪ್ಪದು. ಅಲ್ಲಿ ತಾಯಿ ಮಗನ ಮಗ್ಗುಲಲ್ಲಿಯೇ ಕುಳಿತಿರುತ್ತಾಳೆ. ಅವನು ಕೂಗಿದರೂ ಹೊರಳಾಡಿದರೂ ನೆರೆದವರ ನಡುವೆಯೇ ಇರುತ್ತಾನೆ. ಹಳೆಯ ಕಾಲದ ಹುಚ್ಚಾಸ್ಪತ್ರೆಗಳು ಆ ತಾಯಿಯನ್ನೇ ಗೋಡೆಯಾಚೆಗೆ ನಿಲ್ಲಿಸಿದುವು. 1950ರ ದಶಕದಲ್ಲಿ ಅಮೃತಸರದ ಡಾಕ್ಟರ್ ವಿದ್ಯಾಸಾಗರರು ಆಸ್ಪತ್ರೆಯ ಆವರಣದಲ್ಲಿ ಡೇರೆಗಳನ್ನು ಹಾಕಿಸಿ, ಬಂಧುಗಳನ್ನು ರೋಗಿಗಳೊಡನೆ ಇರಗೊಟ್ಟುದು ನಮ್ಮ ದೇಶದ ಮನೋವೈದ್ಯದಲ್ಲಿ ಹೊಸ ಹೆಜ್ಜೆಯೆನಿಸಿತು. ಗುಡಿಯ ಅಂಗಳವಾದರೋ ಅದನ್ನು ಎಂದೂ ಮರೆತಿರಲಿಲ್ಲ. ಹಾಗೆಂದು ಭಕ್ತಿಯ ದಾರಿಯೆಲ್ಲವೂ ನಿರ್ದೋಷವಲ್ಲ. ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾದ ಆಶ್ರಯವನ್ನರಸಿ ಬಂದು, ಖಾಸಗಿ ವಸತಿಯೊಂದರಲ್ಲಿ ಸರಪಳಿಯಿಂದ ಬಿಗಿಯಲ್ಪಟ್ಟಿದ್ದವರು 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ ಎದ್ದೋಡಲಾರದೆ ಸತ್ತರು. ಸತ್ತವರು 28 ಜನ.

ಗುಡಿಯೊ ಆಸ್ಪತ್ರೆಯೊ ಎಂಬ ವಾದದಿಂದ, ಕದಡದೆ ಉಳಿಯುವುದೇನೆಂಬ ಆ ಮೂಲಪ್ರಶ್ನೆ ಬಗೆಹರಿಯದು. ಅದಕ್ಕೆ ಉತ್ತರವನ್ನು ನಾನು ಕಂಡುಕೊಂಡುದು ಮಳಖೇಡದ ಆಚಾರ್ಯರಲ್ಲಿ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಆ ಊರಿನಲ್ಲಿ, ಕಾಗಿಣಾ ತೀರದಲ್ಲಿ, ಭಕ್ತರು ಟೀಕಾಚಾರ್ಯರೆಂದು ಪೂಜಿಸುವ ಜಯತೀರ್ಥರು, ಮಧ್ವಮತದ ಸಾಕ್ಷಿಯ ತತ್ತ್ವವನ್ನು ‘ನ್ಯಾಯಸುಧಾ’ ಮೊದಲಾದ ಗ್ರಂಥಗಳಲ್ಲಿ ಬಲಪಡಿಸಿದವರು. ಆ ಮತದಂತೆ ಮನಸ್ಸು ಜೀವನಿಗೆ ಒದಗಿದ ಒಂದು ಕರಣ ಮಾತ್ರ; ಅದು ದೋಷಕ್ಕೊಳಗಾಗಬಹುದು, ಇಲ್ಲದುದನ್ನು ಇದೆಯೆಂದು ತೋರಬಹುದು. ಸಾಕ್ಷಿಯಾದರೋ ಜೀವನ ಸ್ವರೂಪವೇ ಆದ ಇಂದ್ರಿಯ. ತನ್ನ ಸುಖದುಃಖಗಳನ್ನು ಜೀವನು ಅರಿಯುವುದು ಅದರಿಂದ. ಆ ಅರಿವಿನಲ್ಲಿ ಪ್ರಮಾದಕ್ಕೆ ಎಡೆಯಿಲ್ಲ. ಆಚಾರ್ಯರು ಇದನ್ನು ಪ್ರಮಾಣವಿಚಾರಕ್ಕಾಗಿ ಹೇಳಿದರೇ ಹೊರತು ರೋಗಿಗಳ ಶುಶ್ರೂಷೆಗಾಗಿ ಅಲ್ಲ. ಆದರೂ ಇದನ್ನು ಆಸ್ಪತ್ರೆಯ ಹಾಸಿಗೆಯ ಬಳಿಗೆ ತಂದು ನೋಡಿ: ಗೋಡೆಯೊಳಗಿನಿಂದ ಯಾರೋ ತನ್ನನ್ನು ಬೈಯುತ್ತಿದ್ದಾರೆಂದು ಒಬ್ಬನು ನಡುಗುವಾಗ, ಆ ದನಿ ಸುಳ್ಳು, ಆದರೆ ನಡುಕದ ಹಿಂದಿರುವ ಅಂಜಿಕೆ ಸತ್ಯ. ಮನಸ್ಸು ತಪ್ಪಿದೆ, ಸಾಕ್ಷಿ ತಪ್ಪಿಲ್ಲ. ಅದ್ವೈತಿಗಳೂ ಸಾಕ್ಷಿಯನ್ನು ಒಪ್ಪುತ್ತಾರಾದರೂ, ದುಃಖವನ್ನು ಅಂತಃಕರಣವೆಂಬ ಉಪಾಧಿಗೆ ಸೇರಿಸಿ ಆತ್ಮವನ್ನು ನಿರ್ಲಿಪ್ತವಾಗಿ ಉಳಿಸುವ ಅವರ ಉತ್ತರಕ್ಕಿಂತ, ದುಃಖಿಸುವವನ ದುಃಖವನ್ನು ನಿಜವೆಂದೊಪ್ಪುವ ಈ ಉತ್ತರವೇ ರೋಗಿಯ ಪಕ್ಕದಲ್ಲಿ ಕುಳಿತವನಿಗೆ ಹೆಚ್ಚು ನೆರವಾಗುವುದೆಂದು ನನಗೆ ತೋರುತ್ತದೆ.

ಈ ತತ್ತ್ವಕ್ಕೆ ಹೊಂದುವ ಕಾನೂನು ನಮಗೆ ಬಂದುದು ತಡವಾಗಿ. 1912ರ ಹುಚ್ಚರ ಕಾಯಿದೆಯ ಕಾಲದಲ್ಲಿ ಮ್ಯಾಜಿಸ್ಟ್ರೇಟರ ಆಜ್ಞೆಯೊಂದು ಮನುಷ್ಯನನ್ನು ಒಳಗೆ ಕಳುಹಿಸುತ್ತಿತ್ತು. 2017ರಲ್ಲಿ ಅಂಗೀಕೃತವಾದ ಮಾನಸಿಕ ಆರೋಗ್ಯ ಪಾಲನೆಯ ಕಾಯಿದೆಯಾದರೋ, ತನಗೆ ಎಂಥ ಚಿಕಿತ್ಸೆ ಬೇಕು, ಎಂಥದು ಬೇಡ ಎಂಬುದನ್ನು ಮುಂದಾಗಿಯೇ ಬರೆದಿಡುವ ಅಧಿಕಾರವನ್ನು ವ್ಯಕ್ತಿಗೆ ಕೊಟ್ಟಿತು, ಸರಪಳಿಯನ್ನು ನಿಷೇಧಿಸಿತು, ಮನೆಯವರು ಕರೆದೊಯ್ಯಲಿಲ್ಲವೆಂಬ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳಕೂಡದೆಂದಿತು. ಕಾನೂನು ತಡವಾಗಿ ಬಂದರೂ ಅದರ ಹಿಂದಿನ ಕಳಕಳಿ ಹಳೆಯದು. ಭೀಮಾತೀರದ ಸನ್ನತಿಯಲ್ಲಿ ಕಾಳಿಕಾದೇವಿಯ ಪೀಠಕ್ಕೆ ಬಳಕೆಯಾಗಿದ್ದ ಶಿಲೆಯ ಮೇಲೆ ಅಶೋಕನ ಶಾಸನಗಳು ದೊರೆತುವಷ್ಟೆ. ಕಳಿಂಗದ ಧವಳಿ, ಜೌಗಡಗಳಲ್ಲಿರುವ ಪ್ರತ್ಯೇಕ ಶಾಸನಗಳೂ ಅವುಗಳಲ್ಲಿ ಸೇರಿವೆ. ಪ್ರಜೆಗಳನ್ನು ಮಕ್ಕಳೆಂದು ಕರೆದ ಆ ಅರಸನು, ಕಾರಣವಿಲ್ಲದೆ ಯಾರೂ ಸೆರೆಯನ್ನೂ ಹಿಂಸೆಯನ್ನೂ ಅನುಭವಿಸಬಾರದೆಂದು ಅಧಿಕಾರಿಗಳನ್ನು ಎಚ್ಚರಿಸುತ್ತ, ಅವರ ಕ್ರೌರ್ಯದೊಡನೆ ಆತುರ, ಆಲಸ್ಯ, ಬಳಲಿಕೆಗಳನ್ನೂ ಹೆಸರಿಸುತ್ತಾನೆ. ಬಳಲಿಕೆಯ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ರಾತ್ರಿಯ ಪಾಳಿಯಲ್ಲಿ ವಾರ್ಡು ತುಂಬ ರೋಗಿಗಳನ್ನು ಒಬ್ಬಳೇ ನೋಡಿಕೊಳ್ಳಬೇಕಾದ ದಾದಿ ಬಾಗಿಲಿಗೆ ಬೀಗ ಹಾಕಿದರೆ, ಆ ಬೀಗವನ್ನು ಹಾಕಿದುದು ಬಳಲಿಕೆಯೇ. ಇನ್ನೊಬ್ಬ ದಾದಿಯ ನೇಮಕ ಗೋಡೆಗೆ ಬಳಿಯುವ ಬಣ್ಣಕ್ಕಿಂತ ದೊಡ್ಡ ಜೀರ್ಣೋದ್ಧಾರ.

ಹಳೆಯ ಕಟ್ಟಡವನ್ನು ಸಂಪೂರ್ಣ ಕೆಡಹಬೇಕೆನ್ನುವವರ ಪಕ್ಷ ನನ್ನದಲ್ಲ. ಕಲ್ಲಿಗೆ ಪಾಪವಿಲ್ಲ. ನಮ್ಮ ಶಹಾಬಾದಿನ ಹಾಸುಗಲ್ಲು ಸೆರೆಮನೆಯಲ್ಲಿಯೂ ಮಠದಲ್ಲಿಯೂ ಕಾಲಿಗೆ ಒಂದೇ ತಂಪನ್ನು ಕೊಡುತ್ತದೆ. ದಪ್ಪಗೋಡೆ, ಎತ್ತರದ ಮಾಡು, ನೆರಳಿನ ಪಡಸಾಲೆ ನಮ್ಮ ಬಿಸಿಲಿಗೆ ಹೇಳಿಮಾಡಿಸಿದಂಥವು, ಅವು ಉಳಿಯಲಿ. ಒಂಟಿಕೋಣೆಗಳ ನಡುಗೋಡೆಯನ್ನು ತೆಗೆದು, ಬಂಧುವಿಗೂ ಒಂದು ಮಂಚ ಹಿಡಿಯುವಂತಾಗಲಿ. ಬಾಗಿಲು ಒಳಗಿನಿಂದಲೂ ತೆರೆಯುವಂತಾಗಲಿ.

ಆದರೆ ಧಾರವಾಡದ ಕಟ್ಟಡ ಎಷ್ಟೇ ಚೆಲುವಾದರೂ ಚಿಂಚೋಳಿಯ ಕಾಡಂಚಿನ ಹಳ್ಳಿಯವನು ಅಲ್ಲಿಂದ ಮರಳಿ ತನ್ನ ಊರಿಗೇ ಬರಬೇಕಷ್ಟೆ. ಸಾಮಾನ್ಯ ವೈದ್ಯರಿಗೇ ತರಬೇತಿಯಿತ್ತು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ಮನೋರೋಗದ ಔಷಧ ಸಿಗುವಂತೆ ಮಾಡಬಹುದೆಂದು ಬೆಂಗಳೂರಿನ ನಿಮ್ಹಾನ್ಸ್‌ನವರು 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ತೋರಿಸಿಕೊಟ್ಟರು. ದೇಶದ ಜಿಲ್ಲಾ ಯೋಜನೆಗೆ ಅದೇ ಮಾದರಿಯಾಯಿತು. ಮನೋವೈದ್ಯರು ಮಂಗಳವಾರ ತಾಲೂಕು ಆಸ್ಪತ್ರೆಗೇ ಬರುವ ಮನೋಚೈತನ್ಯ ಕಾರ್ಯಕ್ರಮವನ್ನೂ ನಮ್ಮ ಸರಕಾರ ಹಾಕಿಕೊಂಡಿದೆ. ವಾಡಿ ಜಂಕ್ಷನ್ನಿನಂಥ ನಿಲ್ದಾಣದಲ್ಲಿ ಹೆಸರು ಹೇಳಲಾರದೆ ಅಲೆಯುವವರನ್ನು ರಕ್ಷಣೆಗೆ ತೆಗೆದುಕೊಂಡು ಆರೈಕೆಗೆ ಒಪ್ಪಿಸುವುದು ಪೊಲೀಸರ ಕರ್ತವ್ಯವೆಂದು 2017ರ ಆ ಕಾಯಿದೆ ಹೇಳುತ್ತದೆ. ಸೇಡಂ, ಚಿತ್ತಾಪುರ, ಚಿಂಚೋಳಿಗಳಲ್ಲಿ ಆ ಮಂಗಳವಾರ ತಪ್ಪಬಾರದು, ಬರೆದುಕೊಟ್ಟ ಗುಳಿಗೆ ಅದೇ ಆಸ್ಪತ್ರೆಯ ಔಷಧಿ ಕೋಣೆಯಲ್ಲಿ ಸಿಗಬೇಕು. ಗುಳಿಗೆ ನಿಂತರೆ ಕೆಲವು ತಿಂಗಳಲ್ಲಿ ಮತ್ತೆ ಧಾರವಾಡದ ಹಾಸಿಗೆಯೇ ಗತಿಯಾಗಬಹುದೆಂಬುದನ್ನು ನವೀಕರಣದ ಅಂದಾಜುಪಟ್ಟಿ ಬರೆಯುವವರು ಈಗಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.