ನೋಡಬಾರದುದು ಉಂಟೆ?

ಬರುವ ಡಿಸೆಂಬರ್ ತಿಂಗಳಲ್ಲಿ ನಾನೂ ನನ್ನ ಮನೆಯಾಕೆಯೂ ಅಮೆರಿಕದ ಹ್ಯೂಸ್ಟನ್ ನಗರದಲ್ಲಿರುವ ಮಗಳ ಮನೆಗೆ ಹೋಗುವವರಿದ್ದೇವೆ. ಅಲ್ಲಿಂದ ಎಲ್ಲರೂ ಕೂಡಿ ಮೆಕ್ಸಿಕೋ ದೇಶದ ಗ್ವಾನಹ್ವಾತೊ ಎಂಬ ಹಳೆಯ ಊರಿಗೆ ಹೋಗಿ, ಐದು ದಿನ ಇದ್ದು ಬರಬೇಕೆಂದು ಗೊತ್ತುಮಾಡಿಕೊಂಡಿದ್ದೇವೆ. ಹೊರಡತಕ್ಕವರು ಆರು ಮಂದಿ: ನಾವಿಬ್ಬರು, ಮಗಳು, ಅಳಿಯಂದಿರು, ಹನ್ನೊಂದು ವರ್ಷದ ಮೊಮ್ಮಗ, ಆರು ವರ್ಷದ ಮೊಮ್ಮಗಳು. ಹಿಂದೆ ಒಮ್ಮೆ ಇದೇ ಪರಿವಾರವು ಮೂರು ದಿನಗಳಲ್ಲಿ ಹನ್ನೊಂದು ಕ್ಷೇತ್ರಗಳನ್ನು ಮುಗಿಸಿಕೊಂಡು ಬಂದುದುಂಟು. ಮುಗಿಸುವುದು ಎಂಬ ಮಾತನ್ನು ತಿಳಿದೇ ಬಳಸಿದ್ದೇನೆ. ಮನೆಗೆ ಬಂದಮೇಲೆ ಯಾವ ಗೋಪುರ ಯಾವ ಊರಿನದೆಂಬುದು ಯಾರಿಗೂ ನೆನಪಿರಲಿಲ್ಲ. ಮಕ್ಕಳಿಗೆ ಜ್ವರ ಬಂದುದು ಮಾತ್ರ ಎಲ್ಲರಿಗೂ ನೆನಪಿತ್ತು. ಆದಕಾರಣ ಈ ಸಲ ಮಗಳು ದೂರವಾಣಿಯಲ್ಲಿ ಮೊದಲೇ ಅಪ್ಪಣೆ ಮಾಡಿಬಿಟ್ಟಳು: "ಅಪ್ಪ, ಈ ಬಾರಿ ಬಿಡತಕ್ಕವುಗಳ ಪಟ್ಟಿಯನ್ನು ಮೊದಲು ಮಾಡೋಣ. ಉಳಿದುದನ್ನು ನಿಧಾನವಾಗಿ ನೋಡೋಣ."

ಕೆಲಸ ಸುಲಭವೆಂದೇ ನಾನು ತಿಳಿದಿದ್ದೆ. ಪಟ್ಟಿ ಹಿಡಿದು ಕುಳಿತಮೇಲೆ, ದಣಿವಿಗೆ ಅಂಜಿ ಬಿಡುವುದು ಬೇರೆ, ಮನಸ್ಸು ಒಪ್ಪದೆ ಬಿಡುವುದು ಬೇರೆ ಎಂಬುದು ಗೋಚರವಾಯಿತು. ಈ ಎರಡನೆಯದರಲ್ಲಿ ನನಗೂ ಮಗಳಿಗೂ ನಡೆದ ಚರ್ಚೆ ಇನ್ನೂ ಮುಗಿದಿಲ್ಲ. ಅದನ್ನು ವಾಚಕರ ಮುಂದಿಡುತ್ತೇನೆ.

ಮೊದಲು ಊರಿನ ವಿಚಾರ. ಗ್ವಾನಹ್ವಾತೊ ಸಮುದ್ರಮಟ್ಟಕ್ಕೆ ಸುಮಾರು 6600 ಅಡಿ ಎತ್ತರದಲ್ಲಿ, ಇಕ್ಕಟ್ಟಾದ ಕಣಿವೆಯೊಂದರಲ್ಲಿದೆ. ಎಂದರೆ ನಮ್ಮ ಬೆಂಗಳೂರಿಗಿಂತ ಎರಡು ಪಾಲಿಗೂ ಮೇಲೆ. ಹಳದಿ, ಕೆಂಪು, ನೀಲಿ ಬಣ್ಣದ ಮನೆಗಳು ಇಕ್ಕೆಲದ ಗುಡ್ಡಗಳನ್ನು ಹತ್ತಿಕೊಂಡು ಹೋಗಿವೆ. ಬೀದಿಗಳೆಂಬುವು ಬಹುಮಟ್ಟಿಗೆ ಮೆಟ್ಟಿಲುಗಳೇ. ಒಂದು ಓಣಿಯಲ್ಲಂತೂ ಎದುರುಬದುರು ಮಾಳಿಗೆಯವರು ಕೈಚಾಚಿದರೆ ಒಬ್ಬರನ್ನೊಬ್ಬರು ಮುಟ್ಟಬಹುದಂತೆ. ಊರ ನಡುವೆ ಹರಿಯುತ್ತಿದ್ದ ಹೊಳೆಯು ಮೇಲಿಂದ ಮೇಲೆ ಉಕ್ಕಿ ಹಾನಿಮಾಡುತ್ತಿದ್ದುದರಿಂದ ಅದನ್ನು ಬೇರೆ ಕಡೆಗೆ ತಿರುಗಿಸಿದರು. ಬತ್ತಿದ ಪಾತ್ರವೇ ಈಗ ಕಲ್ಲಿನ ಕಮಾನುಗಳ ಕೆಳಗೆ ಸಾಗುವ ರಸ್ತೆ. ಹೀಗಾಗಿ ವಾಹನಗಳು ನೆಲದಡಿಯಲ್ಲಿ ಓಡುತ್ತವೆ, ಜನರು ಮೇಲೆ ನಡೆಯುತ್ತಾರೆ. ಮುದುಕರಿಗೂ ಮಕ್ಕಳಿಗೂ ಇದಕ್ಕಿಂತ ಹಿತವಾದ ಏರ್ಪಾಡು ಯಾವುದಿದೆ? ಊರ ನಡುವೆ ತ್ರಿಕೋಣಾಕಾರದ ಒಂದು ಪುಟ್ಟ ಉದ್ಯಾನ. ಅದರ ಸುತ್ತ ಒತ್ತಾಗಿ ಬೆಳೆಸಿ ಕತ್ತರಿಸಿದ ಮರಗಳು, ಮರಗಳ ಕೆಳಗೆ ಒರಗುಬೆಂಚುಗಳು. ಆ ಮರಗಳು ನಮ್ಮ ಆಲದ ಜಾತಿಯವು. ಅಲ್ಲಿಯವರು ಅವನ್ನು 'ಇಂಡಿಯದ ಲಾರೆಲ್' ಎಂದು ಕರೆಯುತ್ತಾರೆ. ಅಷ್ಟು ದೂರ ಹೋಗಿ ನಮ್ಮ ಆಲದ ನಂಟಿನ ನೆರಳಿನಲ್ಲಿಯೇ ಕುಳಿತುಕೊಳ್ಳುವುದು ನನ್ನ ಮನೆಯಾಕೆಗೆ ಬಹಳ ಮೆಚ್ಚಿಗೆಯಾಯಿತು. ಐದರಲ್ಲಿ ಎರಡು ಬೆಳಗುಗಳನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ಉಳಿದ ಸಿದ್ಧತೆಗಳನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಮಂಡಿನೋವಿನವರಿರುವುದರಿಂದ ಉದ್ಯಾನದ ಮಗ್ಗುಲಲ್ಲಿಯೇ, ಗುಡ್ಡ ಹತ್ತಬೇಕಾಗದಂತೆ, ಬಿಡಾರ. ಮೊದಲ ದಿನ ಎತ್ತರದ ಗಾಳಿಗೆ ಒಗ್ಗಿಕೊಳ್ಳುವುದಕ್ಕಾಗಿ ಏನೂ ಇಲ್ಲ. ಆ ಪ್ರಾಂತದಲ್ಲಿ ಈಚಿನ ವರ್ಷಗಳಲ್ಲಿ ಕೊಲೆಗಳು ಹೆಚ್ಚೆಂಬ ಸುದ್ದಿಯಿರುವುದರಿಂದ ರಾತ್ರಿ ಪ್ರಯಾಣ ಕೂಡದೆಂದು ಅಳಿಯಂದಿರ ಕಟ್ಟಪ್ಪಣೆ. ಊಟಕ್ಕೆ ಮುಸುಕಿನ ಜೋಳದ ರೊಟ್ಟಿಯೂ ಬೇಯಿಸಿದ ಕಾಳೂ ಧಾರಾಳವಾಗಿ ಸಿಕ್ಕುತ್ತವೆ. ಆದರೆ ಕಾಳನ್ನು ಹಂದಿಯ ಕೊಬ್ಬಿನಲ್ಲಿ ಒಗ್ಗರಿಸುವ ವಾಡಿಕೆಯುಂಟಾದ್ದರಿಂದ ಕೇಳಿಯೇ ತಿನ್ನಬೇಕು.

ಇನ್ನು ಪ್ರಕೃತಕ್ಕೆ ಬರೋಣ. ಇಷ್ಟು ಅಂದವಾದ ಊರು ಇಂಥ ದುರ್ಗಮ ಕಣಿವೆಯಲ್ಲಿ ಹುಟ್ಟಿದುದೇಕೆ? ಬೆಳ್ಳಿಗಾಗಿ. ಹದಿನಾರನೆಯ ಶತಮಾನದ ನಡುವೆ ಸ್ಪೇನಿನವರಿಗೆ ಇಲ್ಲಿ ಬೆಳ್ಳಿಯ ಅದಿರು ದೊರೆಯಿತು. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಊರ ಮೇಲಣ ವಾಲೆನ್ಸಿಯಾನ ಗಣಿಯು ಜಗತ್ತಿನ ಅತ್ಯಂತ ಸಮೃದ್ಧವಾದ ಗಣಿಗಳಲ್ಲೊಂದಾಯಿತು. ಅದರ ಒಡೆಯನು ಕೌಂಟ್ ಪದವಿಯನ್ನು ಪಡೆದನು. ಗಣಿಯ ಬಾಯಿಯ ಹತ್ತಿರವೇ 1788ರಲ್ಲಿ ಪೂರೈಸಿದ ಸಾನ್ ಕಾಯೆತಾನೊ ದೇವಾಲಯವಿದೆ. ಅದರೊಳಗೆ ಕಣ್ಣು ಕೋರೈಸುವ ಚಿನ್ನದ ಲೇಪ. 1803ರಲ್ಲಿ ಅಲ್ಲಿಗೆ ಬಂದಿದ್ದ ಜರ್ಮನ್ ವಿದ್ವಾಂಸ ಹಂಬೋಲ್ಟನು ಗಣಿಯ ಕೂಲಿಗಳನ್ನು ಕುರಿತು ಬರೆದಿದ್ದಾನೆ. ಇನ್ನೂರು ಪೌಂಡಿಗೂ ಮಿಕ್ಕ ಅದಿರನ್ನು ಬೆನ್ನಮೇಲೆ ಹೊತ್ತು, ಸಾವಿರಾರು ಮೆಟ್ಟಿಲುಗಳನ್ನು ಗಂಟೆಗಟ್ಟಲೆ ಹತ್ತಿ ಇಳಿಯುತ್ತಿದ್ದರಂತೆ. ಅವರು ಗುಲಾಮರಲ್ಲ, ಕೂಲಿಗೆ ದುಡಿಯುವವರು ಎಂಬುದನ್ನೂ ಅವನೇ ಹೇಳುತ್ತಾನೆ. ಆ ಮಾತು ನನಗೆ ಪೂರ್ತಿ ಸಮಾಧಾನ ಕೊಡುವುದಿಲ್ಲ.

ಹೀಗಿರಲು, ಅನ್ಯರ ಬೆನ್ನು ಬಾಗಿ ಎದ್ದ ಊರಿನಲ್ಲಿ ನಾವು ಬೆನ್ನು ಚಾಚಿ ವಿಶ್ರಮಿಸುವುದು ಯುಕ್ತವೆ? ಈ ಪ್ರಶ್ನೆಗೆ ಉತ್ತರ ಹೇಳುವುದು ನನಗೆ ಅಷ್ಟು ಕಷ್ಟವಾಗಲಿಲ್ಲ. ಬೆವರಿನ ಲೆಕ್ಕ ನೋಡಿ ನೆರಳನ್ನು ಆರಿಸಿಕೊಳ್ಳುವುದಾದರೆ ಭೂಮಿಯ ಮೇಲೆ ಕುಳಿತುಕೊಳ್ಳಲು ಸ್ಥಳವಿರುವುದಿಲ್ಲ. ನಮ್ಮ ಕೋಟೆ, ಕೆರೆ, ಗೋಪುರಗಳ ಕಲ್ಲು ಹೊತ್ತವರ ಹೆಸರನ್ನು ನಾವೆಲ್ಲಿ ಬಲ್ಲೆವು? ಕುಳಿತುಕೊಳ್ಳೋಣ; ಆದರೆ ಕಲ್ಲನ್ನು ಹೊತ್ತವರುಂಟೆಂಬುದನ್ನು ಮಕ್ಕಳಿಗೆ ಹೇಳಿ ಕುಳಿತುಕೊಳ್ಳೋಣ. ಅದಕ್ಕೆ ಅನುಕೂಲವಾದ ಕಟ್ಟಡವೂ ಅಲ್ಲಿದೆ. ಅಲ್‌ಓಂದಿಗ ಎಂದು ಕರೆಯುವ ಅದು ಒಂದು ದೊಡ್ಡ ಧಾನ್ಯದ ಕಣಜ. 1810ನೆಯ ಸೆಪ್ಟೆಂಬರ್ 28ರಂದು ಪಾದ್ರಿ ಇದಾಲ್ಗೊನ ದಂಡು ಊರನ್ನು ಮುತ್ತಿದಾಗ ಸ್ಪೇನಿನ ಧನಿಕರು ತಮ್ಮ ಸಂಪತ್ತಿನೊಡನೆ ಅದರಲ್ಲಿ ಅಡಗಿದರು. ಪೀಪಿಲ ಎಂಬ ಗಣಿಯ ಆಳೊಬ್ಬನು ಗುಂಡುಗಳಿಗೆ ಮರೆಯಾಗಿ ಬೆನ್ನಿಗೆ ಕಲ್ಲಿನ ಚಪ್ಪಡಿಯನ್ನು ಕಟ್ಟಿಕೊಂಡು ತೆವಳಿ ಹೋಗಿ ಬಾಗಿಲಿಗೆ ಬೆಂಕಿಯಿಟ್ಟನೆಂದು ಐತಿಹ್ಯ. ಒಳಹೊಕ್ಕ ಜನ ನಡೆಸಿದ ಕೊಲೆ ಭಯಂಕರವಾದುದು. ಮರುವರ್ಷ ಇದಾಲ್ಗೊ ಮೊದಲಾದ ನಾಲ್ವರು ನಾಯಕರ ತಲೆಗಳನ್ನು ಕಬ್ಬಿಣದ ಪಂಜರಗಳಲ್ಲಿಟ್ಟು ಅದೇ ಕಟ್ಟಡದ ನಾಲ್ಕು ಮೂಲೆಗಳಿಗೆ ತೂಗುಹಾಕಿದರು. 1821ರವರೆಗೂ ಅವು ಅಲ್ಲಿಯೇ ಇದ್ದುವು. ಈಗ ಅದು ವಸ್ತುಸಂಗ್ರಹಾಲಯ. ಎರಡು ಪಕ್ಷಗಳ ಕ್ರೌರ್ಯವನ್ನೂ ಮರೆಮಾಚದೆ ಹೇಳುವ ಸ್ಥಳವಾದ್ದರಿಂದ ಅದನ್ನು ನೋಡಬೇಕೆಂಬುದರಲ್ಲಿ ನಮಗೆ ಭಿನ್ನಾಭಿಪ್ರಾಯವಿಲ್ಲ.

ಭಿನ್ನಾಭಿಪ್ರಾಯ ಬಂದುದು ಇನ್ನೊಂದು ಸಂಗ್ರಹಾಲಯದ ವಿಷಯದಲ್ಲಿ. ಆ ಊರಿನ ಸ್ಮಶಾನದ ಗೋಡೆಗಳಲ್ಲಿ ಶವಗಳನ್ನಿಡುವ ಗೂಡುಗಳಿದ್ದುವು. ಗೂಡಿಗೆ ಸತ್ತವರ ಬಂಧುಗಳು ತೆರಿಗೆ ಕೊಡಬೇಕು. ಕೊಡದಿದ್ದರೆ ಶವವನ್ನು ಹೊರಗೆ ತೆಗೆಯುತ್ತಿದ್ದರು. 1865ರಲ್ಲಿ ಹೀಗೆ ತೆಗೆದ ಫ್ರೆಂಚ್ ವೈದ್ಯನೊಬ್ಬನ ದೇಹವು ಕೊಳೆಯದೆ, ಆ ಒಣಹವೆಯಲ್ಲಿ ತಾನೇ ತಾನಾಗಿ ಒಣಗಿ ನಿಂತಿತ್ತು. ಆಮೇಲೆ ಇನ್ನೂ ಎಷ್ಟೋ ದೇಹಗಳು ಹಾಗೆಯೇ ದೊರೆತುವು. ಕುತೂಹಲಿಗಳು ಕಾಸು ಕೊಟ್ಟು ಬಂದು ನೋಡಲಾರಂಭಿಸಿದರು. 1958ರವರೆಗೂ ಹೀಗೆ ತೆಗೆಯುವುದು ನಡೆಯಿತು. ಈಗ ನೂರಕ್ಕೂ ಮಿಕ್ಕ ದೇಹಗಳು ಇವೆ. ಅವುಗಳಲ್ಲಿ ಹಸುಗೂಸುಗಳೂ ಉಂಟು. ಊರಿಗೆ ಬರುವವರಲ್ಲಿ ಬಹುಮಂದಿ ಮೊದಲು ಓಡುವುದು ಅಲ್ಲಿಗೆ. ನಮ್ಮ ಮೊಮ್ಮಗನಿಗೂ ಪ್ರವಾಸವೆಂದರೆ ಅದೇ.

ನಾನು ಕೂಡದೆಂದೆ. ಅರಸರ ಗೋರಿಯನ್ನು ತೆರೆಯುವುದು ಸಹ ಸರಿಯೆಂದು ನಾನು ಹೇಳಲಾರೆ; ಆದರೆ ತೆರಿಗೆ ಕಟ್ಟುವವರಿಲ್ಲವೆಂಬ ಒಂದೇ ಕಾರಣಕ್ಕೆ ಒಬ್ಬಳು ತಾಯಿಯನ್ನೋ ಒಂದು ಕೂಸನ್ನೋ ಹೊರಗೆಳೆದು ನಿಲ್ಲಿಸಿ, ಅದಕ್ಕೆ ಚೀಟಿ ಕೊಟ್ಟು ಜನರನ್ನು ಬಿಡುವುದೆಂದರೆ, ಬದುಕಿದ್ದಾಗಿನ ಬಡತನಕ್ಕೆ ಸತ್ತ ಮೇಲೂ ದಂಡ ತೆರಿಸಿದಂತೆ. ನೋಡಲ್ಪಡುವವರು ಒಪ್ಪಿದ್ದಾರೆಯೆ ಎಂದು ಕೇಳಲು ಅಲ್ಲಿ ಯಾರಿದ್ದಾರೆ? ನಮ್ಮಲ್ಲಿ ಹೆಣದ ಮುಖಕ್ಕೆ ಬಟ್ಟೆ ಮುಚ್ಚುವುದು ಏತಕ್ಕೆ?

ಮಗಳು ಸುಮ್ಮನಿರುವವಳಲ್ಲ. "ಅಪ್ಪ, ಅಲ್ಲಿಯ ಜನರೇ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸುತ್ತಾರೆ. ನವೆಂಬರ್ ಮೊದಲಲ್ಲಿ ಸತ್ತವರಿಗೆ ಹೂವು, ತಿಂಡಿ ಇಟ್ಟು ಹಬ್ಬ ಮಾಡುವ ಜನ ಅವರು. ನಾವು ಮಹಾಲಯದಲ್ಲಿ ಎಡೆಯಿಡುವುದಿಲ್ಲವೆ? ಸಾವಿನ ಸಂಗಡ ಅವರಿಗಿರುವ ಸಲಿಗೆ ನಮಗಿಲ್ಲ, ಅಷ್ಟೆ. ನಿಮ್ಮ ಅಸಹ್ಯವನ್ನು ನೀವು ಧರ್ಮವೆನ್ನುತ್ತಿದ್ದೀರಿ" ಎಂದಳು. ಈ ಮಾತಿಗೆ ನಾನು ತಕ್ಕಮಟ್ಟಿನ ಉತ್ತರ ಕೊಟ್ಟೆ. ಹಬ್ಬದಲ್ಲಿ ಸತ್ತವನಿಗೆ ಹೆಸರಿದೆ, ಅವನನ್ನು ನೆನೆಯುವ ಮನೆಯಿದೆ. ಗಾಜಿನ ಪೆಟ್ಟಿಗೆಯಲ್ಲಿರುವ ಬಹುಮಂದಿಗೆ ಅದೆರಡೂ ಇಲ್ಲ. ಅಲ್ಲಿಯವರು ಹೋದರೆ ತಮ್ಮ ಊರಿನ ಹಿರಿಯರನ್ನು ನೋಡಲು ಹೋದಂತಾದೀತು. ನಾವು ಹೋದರೆ ಅದು ಬರಿಯ ನೋಟ.

ಆದರೆ ಆಕೆ ಆಮೇಲೆ ಹೇಳಿದ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. "ಗಣಿಯ ಒಡೆಯನ ಹೆಸರು ಹೇಳುವ ದೇವಾಲಯಕ್ಕೆ ಒಂದು ಇಡೀ ಬೆಳಗು ಬರೆದಿದ್ದೀರಿ. ಕೂಲಿಗಳನ್ನು ನೆನೆಯಬೇಕು ಎನ್ನುತ್ತೀರಿ. ಊರಿನಲ್ಲಿ ಸಾಮಾನ್ಯ ಜನರ ಮುಖ ಕಾಣಿಸುವುದು ಅದೊಂದೇ ಕಡೆ. ಅದನ್ನು ಮಾತ್ರ ಬಿಡುತ್ತೀರಿ."

ಎರಡು ರಾತ್ರಿ ಇದನ್ನೇ ಯೋಚಿಸಿದೆ. ಮರ್ಯಾದೆಯೆಂದು ಹೇಳಿ ಮುಖ ತಿರುಗಿಸುವುದರಲ್ಲಿ ಎಷ್ಟು ಪಾಲು ಮರ್ಯಾದೆ, ಎಷ್ಟು ಪಾಲು ನನ್ನ ವಿಶ್ರಾಂತಿ ಕೆಡಬಾರದೆಂಬ ಆಸೆ? ಚಿನ್ನದ ಲೇಪದ ಕೆಳಗೆ ಕುಳಿತು ಕೂಲಿಗಳನ್ನು ನೆನೆಯುವುದು ಸುಖವಾದ ನೆನಪು. ಆ ಒಣಗಿದ ಬಾಯಿಗಳ ಎದುರಿಗೆ ನಿಂತು ನೆನೆಯುವುದು ಹಾಗಲ್ಲ. ಇಷ್ಟಾದರೂ, ಅವರ ಎದುರಿಗೆ ಹೋಗಿ ನಿಲ್ಲುವ ಹಕ್ಕು ಒಂದು ಚೀಟಿಯಿಂದ ನನಗೆ ಬರುವುದೆಂದು ನನ್ನ ಮನಸ್ಸು ಇಂದಿಗೂ ಒಪ್ಪದು.

ಕೊನೆಗೆ ಮೊಮ್ಮಗನನ್ನೇ ದೂರವಾಣಿಗೆ ಕರೆದು, ಅವರು ಅಲ್ಲಿಗೆ ಬಂದುದು ಹೇಗೆಂಬುದನ್ನು, ತೆರಿಗೆಯ ಸಂಗತಿಯೂ ಸೇರಿದಂತೆ, ಬಿಡಿಸಿ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ತಾತ, ಈಗ ಯಾರಾದರೂ ಆ ದುಡ್ಡು ಕಟ್ಟಿದರೆ ಅವರನ್ನು ಮತ್ತೆ ಮಲಗಿಸುತ್ತಾರೆಯೆ?" ಎಂದು ಕೇಳಿದನು. ನನಗೆ ತಿಳಿಯದೆಂದೆ. ಹೋಗುವುದೋ ಬಿಡುವುದೋ ಎಂಬುದನ್ನು ಅಲ್ಲಿಗೆ ಹೋದಮೇಲೆ ಅವನೇ ಹೇಳಲಿ, ಅವನು ಹೋದರೆ ಜೊತೆಗೆ ನಾನೂ ಹೋಗತಕ್ಕದ್ದು ಎಂದು ಮಗಳು ತೀರ್ಪುಕೊಟ್ಟಿದ್ದಾಳೆ. ಪಟ್ಟಿಯಲ್ಲಿ ನಾಲ್ಕನೆಯ ದಿನದ ಬೆಳಗಿನ ಮನೆಯನ್ನು ಖಾಲಿ ಬಿಟ್ಟಿದ್ದೇವೆ. ಮಧ್ಯಾಹ್ನಕ್ಕೆ ಉದ್ಯಾನದ ಬೆಂಚು ಎಂದು ನನ್ನ ಮನೆಯಾಕೆ ಆಗಲೇ ಬರೆಸಿಯಾಗಿದೆ.