ಬಂದದ್ದನ್ನು ಬಂದ ಹಾಗೆ

ಪಿಯುಸಿಗೆ ಸೇರಿದ ಮಕ್ಕಳು ಭೌತಶಾಸ್ತ್ರದ ಲ್ಯಾಬಿನಲ್ಲಿ ಮೊದಮೊದಲು ಮಾಡುವ ಪ್ರಯೋಗಗಳಲ್ಲಿ ಸರಳ ಲೋಲಕವೂ ಒಂದು. ಒಂದು ಸ್ಟ್ಯಾಂಡು, ಸೀಳಿದ ಬಿರಡೆಯ ನಡುವೆ ಸಿಕ್ಕಿಸಿದ ದಾರ, ದಾರದ ತುದಿಗೆ ಲೋಹದ ಗುಂಡು, ಕೈಯಲ್ಲಿ ಸ್ಟಾಪ್‌ವಾಚು. ಗುಂಡನ್ನು ತುಸು ಪಕ್ಕಕ್ಕೆ ಎಳೆದು ಬಿಟ್ಟು, ಅದು 20 ಸಲ ತೂಗಿ ಬರಲು ಎಷ್ಟು ಸೆಕೆಂಡು ಹಿಡಿಯಿತೆಂದು ಬರೆದುಕೊಳ್ಳಬೇಕು. ಲೋಲಕದ ಉದ್ದ ಮತ್ತು ಈ ಕಾಲ ಗೊತ್ತಾದರೆ ಸಾಕು, ಭೂಮಿಯ ಸೆಳೆತದ ಅಳತೆ ಲೆಕ್ಕದಿಂದ ಹೊರಬರುತ್ತದೆ. ಇಡೀ ಭೂಮಿಯ ಗುಣವೊಂದನ್ನು ಒಂದು ಮೊಳ, ಎರಡು ಮೊಳ ದಾರದಿಂದ ಅಳೆಯಬಹುದೆಂಬುದು ಎಂಥ ಸೋಜಿಗ! ಆದರೆ ಮಕ್ಕಳಿಗೆ ಉತ್ತರ ಮೊದಲೇ ಗೊತ್ತಿರುತ್ತದೆ: ಪುಸ್ತಕದಲ್ಲಿ 980 ಎಂದು ಅಚ್ಚಾಗಿದೆ. ತಮಗೆ 955 ಬಂದಾಗ ಅವರಿಗೆ ಗಾಬರಿ. ಕೂಡಲೇ ರಬ್ಬರು ಹೊರಬರುತ್ತದೆ, 980ರಿಂದ ಹಿಂದಕ್ಕೆ ಲೆಕ್ಕ ಹಾಕಿ ಒಂದು ಮೀಟರ್ ಉದ್ದಕ್ಕೆ 40.1, 40.2, 40.1 ಸೆಕೆಂಡು ಎಂದು ಕೋಷ್ಟಕ ತುಂಬಲಾಗುತ್ತದೆ. ರೆಕಾರ್ಡ್ ಪುಸ್ತಕ ಅಚ್ಚುಕಟ್ಟಾಗುತ್ತದೆ, ಮೇಷ್ಟ್ರ ಸಹಿಯೂ ಬೀಳುತ್ತದೆ.

ಹೀಗೆ ಅಳಿಸಿಹೋದ ಅಂಕಿಯ ಬಗ್ಗೆ ನನಗೆ ನಿಜಕ್ಕೂ ಮರುಕ. ಏಕೆಂದರೆ ತಪ್ಪು ಬಂದ ಅಂಕಿಗೆ ತನ್ನ ತಪ್ಪು ಎಲ್ಲಿಯದೆಂದು ಹೇಳುವ ಶಕ್ತಿ ಇರುತ್ತದೆ. ಉತ್ತರ 1080ರ ಆಸುಪಾಸಿಗೆ ಬಂತೇ? ಹಾಗಾದರೆ ಮಗು ಗುಂಡನ್ನು ಬಿಡುವಾಗ 'ಸೊನ್ನೆ' ಎನ್ನುವ ಬದಲು 'ಒಂದು' ಎಂದು ಎಣಿಸಿರಬೇಕು. ತೂಗಿದ್ದು 19 ಸಲ, ಲೆಕ್ಕಕ್ಕೆ ಹಿಡಿದದ್ದು 20. ಅಷ್ಟರಿಂದಲೇ ಉತ್ತರ ನೂರಕ್ಕೂ ಮಿಕ್ಕಿ ಏರುತ್ತದೆ. 970ರ ಹತ್ತಿರ ಬಂದರೆ ದಾರವನ್ನು ಗುಂಡಿನ ನೆತ್ತಿಯವರೆಗೆ ಮಾತ್ರ ಅಳೆದು, ಗುಂಡಿನ ನಡುವಿನವರೆಗಿನ ಒಂದು ಸೆಂಟಿಮೀಟರನ್ನು ಮರೆತಿರಬಹುದು. ಸ್ಟಾಪ್‌ವಾಚಿನ ಗುಂಡಿ ಒತ್ತುವ ಬೆರಳು 0.2 ಸೆಕೆಂಡು ತಡಮಾಡಿದರೂ ಉತ್ತರದಲ್ಲಿ ಹತ್ತು ಅಂಕಿಯಷ್ಟು ವ್ಯತ್ಯಾಸ ಬರುತ್ತದೆ. ಅದು ಮನುಷ್ಯನ ಬೆರಳಿನ ಮಿತಿ, ಅದಕ್ಕೆ ನಾಚಬೇಕಾದ್ದಿಲ್ಲ. ಒಂದೇ ಸಲದ ಬದಲು ಐದಾರು ಸಲ ಅಳೆದು ಸರಾಸರಿ ತೆಗೆಯಿರಿ ಎನ್ನುವುದು ಈ ಬೆರಳಿಗಾಗಿಯೇ. ಇಷ್ಟೆಲ್ಲ ಕಲಿಸಬಲ್ಲ ಅಂಕಿಯನ್ನು ರಬ್ಬರಿನಿಂದ ಉಜ್ಜಿಬಿಟ್ಟರೆ, ಮಗುವಿನ ಬಳಿ ಉಳಿಯುವುದು ಪುಸ್ತಕದಲ್ಲಿ ಆಗಲೇ ಇದ್ದ ಒಂದು ಸಂಖ್ಯೆ ಅಷ್ಟೆ.

ಆ ಪುಸ್ತಕದ ಸಂಖ್ಯೆಯಾದರೂ ಎಲ್ಲ ಊರಿಗೂ ಒಂದೇ ಅಲ್ಲ. ಧ್ರುವದಲ್ಲಿ ಅದು 983, ಪ್ಯಾರಿಸಿನಲ್ಲಿ 981, ನಮ್ಮ ಬೆಂಗಳೂರಿನಲ್ಲಿ 978ರ ಹತ್ತಿರ. ಈ ವ್ಯತ್ಯಾಸ ಮನುಷ್ಯರಿಗೆ ಗೊತ್ತಾದದ್ದೇ ಒಬ್ಬರು ತಮ್ಮ ಅಳತೆಯನ್ನು ತಿದ್ದದೆ ಉಳಿಸಿಕೊಂಡದ್ದರಿಂದ. 1672ರಲ್ಲಿ ಫ್ರಾನ್ಸಿನ ಝಾನ್ ರಿಷೆ ಎಂಬ ಖಗೋಳ ವೀಕ್ಷಕ ಸಮಭಾಜಕಕ್ಕೆ ಸಮೀಪದ ದಕ್ಷಿಣ ಅಮೆರಿಕದ ಕಯೆನ್ ಎಂಬಲ್ಲಿಗೆ ಹೋದ. ಪ್ಯಾರಿಸಿನಲ್ಲಿ ಸರಿಯಾಗಿ ನಡೆಯುವಂತೆ ಹೊಂದಿಸಿದ ಲೋಲಕದ ಗಡಿಯಾರ ಅಲ್ಲಿ ದಿನಕ್ಕೆ ಎರಡೂವರೆ ನಿಮಿಷ ಹಿಂದೆ ಬೀಳತೊಡಗಿತು. ಅದನ್ನು ಸರಿಪಡಿಸಲು ಲೋಲಕವನ್ನು ಸುಮಾರು 3 ಮಿಲಿಮೀಟರಿನಷ್ಟು ಗಿಡ್ಡ ಮಾಡಬೇಕಾಯಿತು. 'ಯಂತ್ರ ಕೆಟ್ಟಿದೆ' ಎಂದುಕೊಂಡು ಆತ ಆ ವಿಷಯವನ್ನು ಬದಿಗಿಡಬಹುದಿತ್ತು. ಹಾಗೆ ಮಾಡದೆ ತಿಂಗಳುಗಟ್ಟಲೆ ಮತ್ತೆ ಮತ್ತೆ ಅಳೆದು, ಕಂಡದ್ದನ್ನು ಕಂಡಂತೆ ಬರೆದಿಟ್ಟ. ಊರಿಗೆ ಮರಳಿದ ಮೇಲೆ ಅನುಮಾನಿಸಿದವರೂ ಇದ್ದರು. 1687ರಲ್ಲಿ ನ್ಯೂಟನ್ ತನ್ನ 'ಪ್ರಿನ್ಸಿಪಿಯಾ'ದಲ್ಲಿ ಇದೇ ಅಳತೆಯನ್ನು ಎತ್ತಿಕೊಂಡು, ಭೂಮಿ ನಡುವಿನಲ್ಲಿ ಉಬ್ಬಿ ಧ್ರುವಗಳಲ್ಲಿ ತುಸು ಚಪ್ಪಟೆಯಾಗಿದೆ ಎಂಬ ವಾದಕ್ಕೆ ಸಾಕ್ಷ್ಯವಾಗಿ ಬಳಸಿದ. ನಮ್ಮ ದೇಶದಲ್ಲಿಯೂ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಯ ಅಧಿಕಾರಿ ಕ್ಯಾಪ್ಟನ್ ಬಸೇವಿ 1865ರಿಂದ ಲೋಲಕಗಳ ಪೆಟ್ಟಿಗೆಯೊಂದಿಗೆ ಊರಿಂದೂರಿಗೆ ಅಲೆದು ಈ ಸೆಳೆತವನ್ನು ಅಳೆದರು. 1871ರಲ್ಲಿ ಲಡಾಖಿನ 15,000 ಅಡಿಗೂ ಮೇಲಿನ ಎತ್ತರದಲ್ಲಿ, ಇದೇ ಕೆಲಸದ ನಡುವೆ, ಅವರು ತೀರಿಕೊಂಡರು. ಒಂದು ಅಂಕಿಯನ್ನು ಸರಿಯಾಗಿ ತಿಳಿಯುವುದಕ್ಕಾಗಿ ಪ್ರಾಣವನ್ನೇ ಕೊಟ್ಟವರಿದ್ದಾರೆ ಎಂಬುದನ್ನು ನಮ್ಮ ಮಕ್ಕಳಿಗೆ ಯಾರಾದರೂ ಹೇಳಬೇಕು.

ಮಕ್ಕಳನ್ನು ದೂರುವುದು ಸುಲಭ. ಅಂಕಿಯನ್ನು ತಿದ್ದುವ ಅಭ್ಯಾಸ ಅವರು ನಮ್ಮಿಂದಲೇ ಕಲಿತದ್ದು. ರಕ್ತದ ಸಕ್ಕರೆ ಪರೀಕ್ಷೆಗೆ ಹೋಗುವ ಮುನ್ನ ಎರಡು ದಿನ ಸಿಹಿ ಬಿಟ್ಟು, ಅನ್ನ ಕಡಿಮೆ ಮಾಡಿ, ವಾಕಿಂಗ್ ಹೆಚ್ಚಿಸುವ ಹಿರಿಯರು ಎಷ್ಟು ಮನೆಗಳಲ್ಲಿಲ್ಲ? ರಿಪೋರ್ಟು ಚೆನ್ನಾಗಿ ಬರುತ್ತದೆ, ಡಾಕ್ಟರು ಸಂತೋಷಪಡುತ್ತಾರೆ, ಮಾತ್ರೆಯ ಪ್ರಮಾಣ ಹಾಗೇ ಉಳಿಯುತ್ತದೆ, ಒಳಗೆ ಕಾಯಿಲೆಯೂ ಹಾಗೇ ಮುಂದುವರಿಯುತ್ತದೆ. ಡಾಕ್ಟರಿಗೆ ಬೇಕಿದ್ದದ್ದು ನಮ್ಮ ಎಂದಿನ ದಿನದ ಅಂಕಿ. ಲ್ಯಾಬಿನಲ್ಲಿ ರಬ್ಬರು ಹಿಡಿದ ಮಗುವೂ ಹೀಗೆಯೇ ಯಾರನ್ನೋ ಮೆಚ್ಚಿಸಲು ಹೊರಟಿರುತ್ತದೆ, ಏಕೆಂದರೆ ಅಂಕ ಸಿಗುವುದು 980ಕ್ಕೆ ಎಂದು ಅದಕ್ಕೆ ಮನದಟ್ಟಾಗಿದೆ. ಆ ನಂಬಿಕೆಯನ್ನು ಬದಲಿಸುವುದು ದೊಡ್ಡವರ ಕೈಯಲ್ಲಿದೆ. 955 ಎಂದು ಬರೆದು, ಕೆಳಗೆ 'ಎಣಿಕೆಯಲ್ಲೋ ಉದ್ದದಲ್ಲೋ ತಪ್ಪಿರಬಹುದು, ಮತ್ತೆ ನೋಡಬೇಕು' ಎಂದು ಒಂದು ಸಾಲು ಸೇರಿಸಿದ ಮಗುವಿಗೆ ಮೇಷ್ಟ್ರು ಧಾರಾಳವಾಗಿ ಅಂಕ ಕೊಡಲಿ. ಸಮಯವಿದ್ದರೆ ಮತ್ತೊಮ್ಮೆ ಗುಂಡನ್ನು ತೂಗಿಬಿಡಲು ಹೇಳಲಿ. ಮನೆಯಲ್ಲಿರುವ ನಾವು ಮಾಡಬಹುದಾದ್ದೂ ಇದೆ. ಪ್ರಾಕ್ಟಿಕಲ್ ಮುಗಿಸಿ ಬಂದ ಮಗನನ್ನೋ ಮಗಳನ್ನೋ 'ಎಷ್ಟಕ್ಕೆ ಎಷ್ಟು ಕೊಟ್ಟರು' ಎಂದು ಕೇಳುವ ಮೊದಲು, 'ನಿನಗೆ ಎಷ್ಟು ಬಂತು? ಹಾಗೇಕೆ ಬಂತು ಅನ್ನಿಸುತ್ತೆ?' ಎಂದು ಕೇಳೋಣ. ಕೇಳಿ, ಅವರು ಹೇಳಿ ಮುಗಿಸುವವರೆಗೆ ಕೂತು ಕೇಳಿಸಿಕೊಳ್ಳೋಣ.